ಹೋರಿ ಕಟ್ಟಿದ ಬೆಳಗು

ನಮ್ಮನೆಯವರ ಹಳೇ ಬುಲೆಟ್ಟನ್ನು ಸ್ಟಾರ್ಟ್ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ದಿನಾ ಬೆಳಿಗ್ಗೆ ಅಂಗಳ ಗುಡಿಸುತ್ತ ನೋಡಿ ನೋಡಿ ಗೊತ್ತಾಗಿತ್ತು. ಮೊದಲು ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋಗಬೇಕು. ಹೆಡ್‌ಲೈಟಿನ ಮೇಲಿನ ಸಣ್ಣ ಮೀಟರಿನ ಮುಳ್ಳು ನಡುವಿಗೆ ಬಂದಾಗ ನಿಲ್ಲಿಸಬೇಕು. ಎಡಗೈ ಬೆರಳಿನಿಂದ ಒಂದು ಚಿಕ್ಕ ಲಿವರ್ ಹಿಡಿದು ಕಿಕ್ಕರನ್ನು ಇನ್ನೊಂದಿಷ್ಟು ಇಳಿಸಿ, ಮೇಲೆ ಬರಲು ಬಿಟ್ಟು, ಆಮೇಲೆ ಒಂದೇ ಒದೆ. ಅವಸರ ಮಾಡಿದರೆ ಕಿಕ್ಕರ್ ತಿರುಗಿ ಹೊಡೆಯುತ್ತದೆ. ಮೊಣಕಾಲಿನ ಕೆಳಗಿನ ಮೂಳೆಗೇ ಬಡಿಯುತ್ತದೆ. ಹೊಸಬರಿಗೆಲ್ಲ ಆ ಗಾಯ ಆಗುವುದುಂಟು. ನಮ್ಮನೆಯವರಿಗೆ ನಾನು ಕಂಡಂತೆ ಒಮ್ಮೆಯೂ ಆಗಿರಲಿಲ್ಲ. ಅಂಗಡಿ ಬಾಗಿಲು ತೆಗೆಯಲು ಹೊತ್ತಾಗಿದ್ದರೂ, ಮಗಳಿಗೆ ಜ್ವರ ಬಂದು ಆಸ್ಪತ್ರೆಗೆ ಓಡಬೇಕಾಗಿದ್ದಾಗಲೂ ಅವರು ಮುಳ್ಳು ನಡುವಿಗೆ ಬರುವವರೆಗೆ ಕಾಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹಲ್ಲು ಕಚ್ಚುತ್ತಿದ್ದೆ.

ಆದ್ದರಿಂದಲೇ, ಅವರಿಗೆ ಕೊನೆಯ ಸ್ನಾನ ಮಾಡಿಸುವಾಗ ಕಾಲಿಗೆ ನೀರು ಹಾಕುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಬಲಗಾಲಿನ ಮೂಳೆಯ ಮೇಲೆ ಚರ್ಮ ಸುಲಿದಿತ್ತು. ಒಂದೇ ಪೆಟ್ಟಲ್ಲ. ಒಂದರ ಮೇಲೊಂದು ಬಿದ್ದು, ನೀಲಿಗಟ್ಟಿ, ರಕ್ತ ಒಣಗಿತ್ತು. ಯಾರೋ ನನ್ನ ಕೈಯಿಂದ ಚೊಂಬು ತೆಗೆದುಕೊಂಡರು. ವಿಭೂತಿ ಹಚ್ಚಿದರು, ಹೊಸ ಪಂಚೆ ಉಡಿಸಿದರು, ಗೋಡೆಗೆ ಒರಗಿಸಿ ಕೂರಿಸಿದರು. ಪಂಚೆ ಆ ಗಾಯವನ್ನು ಮುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಮಣ್ಣು ಮಾಡಿ ಬಂದರು.

ಅವರ ಜೀವ ಹೋದದ್ದು ಕುಪ್ಪಗಡ್ಡೆಯ ಹತ್ತಿರ, ಕೊಯ್ಲು ಮುಗಿದ ಒಂದು ಗದ್ದೆಯಲ್ಲಿ. ಶಿಕಾರಿಪುರ, ಸೊರಬ, ಹಾನಗಲ್, ರಾಣೆಬೆನ್ನೂರು ಕಡೆಯ ಹಳೇ ಗಾಡಿಯ ಹುಚ್ಚಿನವರು ಇಪ್ಪತ್ತು ಇಪ್ಪತ್ತೈದು ಜನ ಸಂಕ್ರಾಂತಿ ಕಳೆದ ಮೇಲೆ ಅಲ್ಲಿ ಸೇರುತ್ತಾರೆ. ಟೆಂಟು ಹಾಕಿಕೊಂಡು ಎರಡು ದಿನ ಇರುತ್ತಾರೆ. ಒಬ್ಬರ ಗಾಡಿಯನ್ನು ಇನ್ನೊಬ್ಬರು ನೋಡುವುದು, ಬಿಚ್ಚುವುದು, ಹೊಗಳುವುದು, ಬೈಯುವುದು. ನಮ್ಮನೆಯವರು ಒಂದು ವರ್ಷವೂ ತಪ್ಪಿಸಿದವರಲ್ಲ. ಅಲ್ಲಿಂದ ಬರುವಾಗ ಪ್ರತಿ ಸಲ ಜೇಬಿನಲ್ಲಿ ಒಂದಿಷ್ಟು ಕೊಬ್ಬರಿ ಚೂರು ತರುತ್ತಿದ್ದರು. ಏನಿದು ಅಂದರೆ, "ಆಟದಾಗ ಸಿಕ್ತು" ಅನ್ನುತ್ತಿದ್ದರು. ನಾನು ಚಟ್ನಿಪುಡಿಗೆ ಹಾಕುತ್ತಿದ್ದೆ.

ಅವರ ಜೊತೆ ಒಂದೇ ಟೆಂಟಿನಲ್ಲಿ ಮಲಗುತ್ತಿದ್ದ ಸೊರಬದ ಸ್ನೇಹಿತರೊಬ್ಬರು ಆ ದಿನ ನಮಗೆ ಹೇಳಿದ್ದು ಇಷ್ಟು: ಬೆಳಿಗ್ಗೆ ಎದ್ದರು, ಚಹಾ ಕುಡಿದರು, ಬದುವಿನ ಮಾವಿನ ಮರಕ್ಕೆ ಒರಗಿ ಕೂತರು, ಹಾಗೇ ಕಣ್ಣು ಮುಚ್ಚಿದರು. ಸೊರಬದ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಜೀವ ಇರಲಿಲ್ಲ. "ಒಂದ್ಸಲನೂ ನರಳ್ಲಿಲ್ಲ ಅಕ್ಕಾರೆ" ಅಂದರು. ಮಾತಾಡಿಸಲು ಬಂದವರೆಲ್ಲ ಪುಣ್ಯವಂತರ ಸಾವು ಅಂದರು. ಹಾವೇರಿಯಲ್ಲಿ ಟೀಚರಾಗಿರುವ ನನ್ನ ಮಗಳಿಗೆ ಆ ಮಾತೊಂದೇ ಆಸರೆಯಾಯಿತು. ಅಪ್ಪನಿಗೆ ಏನೂ ಗೊತ್ತಾಗಲಿಲ್ಲವಲ್ಲ ಅಮ್ಮ ಎಂದು ಹೇಳಿ ಹೇಳಿ ಅತ್ತಳು. ನಾನು ಹೂಂ ಅಂದೆ. ಮರಕ್ಕೆ ಒರಗಿ ಕೂತವರ ಕಾಲಿಗೆ ಕಿಕ್ಕರ್ ಹೇಗೆ ಬಡಿಯಿತು ಎಂದು ಅವಳನ್ನು ಕೇಳುವುದಕ್ಕೆ ಆಗುತ್ತದೆಯೇ?

ಸೊರಬದವರನ್ನು ಫೋನಿನಲ್ಲಿ ಕೇಳಿದೆ. "ಹಿಂದಿನ ದಿನ ಬಡ್ದಿರ್ಬೇಕು ಬಿಡ್ರಿ ಅಕ್ಕಾರೆ, ಅದ್ನೆಲ್ಲಾ ಯಾಕೆ ನೆನಪು ಮಾಡ್ಕಂತೀರಿ" ಅಂದರು. ಮುಂಚೆ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದವರು. ಆ ಫೋನಿನ ನಂತರ ಬರುವುದನ್ನೇ ಬಿಟ್ಟರು. ವರ್ಷದ ಕಾರ್ಯಕ್ಕೂ ಬರಲಿಲ್ಲ. ಮೈಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದರು. ಆಗ ನನಗೆ ಅನುಮಾನ ಉಳಿಯಲಿಲ್ಲ. ಇವರೆಲ್ಲರಿಗೂ ಗೊತ್ತಿರುವುದು ಏನೋ ಇದೆ, ನನಗೊಬ್ಬಳಿಗೆ ಗೊತ್ತಿಲ್ಲ.

ವರ್ಷದ ಕಾರ್ಯ ಕಳೆದು ಸ್ವಲ್ಪ ದಿನಕ್ಕೆ ಆ ಗುಂಪಿನ ಹಿರಿಯರೊಬ್ಬರು ಫೋನ್ ಮಾಡಿದರು. ಈ ಸಲವೂ ಕುಪ್ಪಗಡ್ಡೆಯಲ್ಲೇ ಸೇರುವುದು, ನಮ್ಮ ಗಾಡಿ ಎಲ್ಲಕ್ಕಿಂತ ಮುಂದೆ ಹೋಗಬೇಕು, ಫೋಟೋ ಇಟ್ಟು ಹಾರ ಹಾಕುತ್ತೇವೆ, ನಿಮ್ಮ ಮೈದುನನ ಕೈಯಲ್ಲಿ ಗಾಡಿ ಕಳಿಸಿಕೊಡಿ ಎಂದರು.

"ಕಳ್ಸಾದಲ್ರಿ, ನಾನೂ ಬರ್ತೀನಿ" ಅಂದೆ.

ಆ ಕಡೆಯಿಂದ "ಅಲ್ಲಿ ಹೆಣ್ಮಕ್ಕಳಿಗೆ ಅನುಕೂಲ ಇಲ್ವಲ್ಲ ತಂಗಿ" ಅಂದರು.

"ಗದ್ದಿ ಕೊಯ್ಯಾಕ ಬರೋರು ಹೆಣ್ಮಕ್ಕಳೇ ಅಲ್ರಿ? ಅವ್ರಿಗೆ ಎಂಥ ಅನುಕೂಲ ಇತ್ತೋ ನನಗೂ ಅಷ್ಟೇ ಸಾಕು" ಅಂದೆ.

ಮೈದುನನಿಗೆ ನಾನು ಕಾರಣ ಹೇಳಿದೆ. ಅವನಿಗೆ ಐವತ್ತು ಹತ್ತಿರ, ಕರೆಂಟ್ ಆಫೀಸಿನಲ್ಲಿ ಕೆಲಸ, ಅಣ್ಣನಿಗಿಂತ ದಪ್ಪ, ಅಣ್ಣನಷ್ಟೇ ಹಟ. ಕಾಲಿನ ಗಾಯವನ್ನು ಅವನೂ ನೋಡಿದ್ದನಂತೆ. "ನೀವೇನಾರ ಅಂದ್ಕಂತೀರಿ ಅಂತ ಸುಮ್ನಿದ್ದೆ ಅತ್ತಿಗೆ" ಅಂದ. ಒಂದು ವರ್ಷ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಹೆದರಿ ಸುಮ್ಮನಿದ್ದೆವು.

ಹೊರಟ ದಿನ ಚಳಿ ಇತ್ತು. ಹಿಂದಿನ ಕ್ಯಾರಿಯರಿಗೆ ನಮ್ಮನೆಯವರ ಹಸಿರು ಟೆಂಟನ್ನು ಕಟ್ಟಿದೆವು. ನಾನು ಶಾಲು ಹೊದ್ದು, ಒಂದು ಕಡೆ ಕಾಲು ಹಾಕಿ ಕೂತೆ. ಆ ಸೀಟಿನ ಮೇಲೆ ಒಂದು ವರ್ಷದ ನಂತರ ಕೂತದ್ದು. ಹಳೇ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೈದುನನಿಗೆ ಈಗಿನ ಗಾಡಿಗಳ ರೂಢಿ. ಗೇರು ಹಾಕಲು ಹೋಗಿ ಬ್ರೇಕು ತುಳಿಯುತ್ತಿದ್ದ, ಬ್ರೇಕು ತುಳಿಯಬೇಕಾದಾಗ ಗೇರು ಬದಲಿಸುತ್ತಿದ್ದ. ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ ಒಂದು ಎಮ್ಮೆಯ ಮುಂದೆ ಹಾಗೇ ಆಗಿ, ಎಮ್ಮೆಯೇ ಬುದ್ಧಿವಂತಿಕೆಯಿಂದ ಪಕ್ಕಕ್ಕೆ ಸರಿಯಿತು. ನನಗೆ ನಗು ಬಂತು. ನಕ್ಕೆನಲ್ಲ ಎಂದು ಆಮೇಲೆ ಸಂಕಟವಾಯಿತು. ಬೆನ್ನು ಬೇರೆಯವರದು, ಎಂಜಿನಿನ ಸದ್ದು ಮಾತ್ರ ಅದೇ. ಕಣ್ಣು ಮುಚ್ಚಿಕೊಳ್ಳಬಾರದು ಎಂದು ದಾರಿಯುದ್ದಕ್ಕೂ ಮೈಲಿಗಲ್ಲು ಓದುತ್ತ ಹೋದೆ.

ಬಳ್ಳಿಗಾವಿಯ ದೇವಸ್ಥಾನದ ಹೊರಗಿನ ಬಯಲಿನಲ್ಲಿ ಎಲ್ಲರೂ ಸೇರಿ ಒಟ್ಟಿಗೆ ಹೊರಡುವುದು ಅವರ ವಾಡಿಕೆ. ನಾವು ಹೋದಾಗ ಆಗಲೇ ಹತ್ತು ಹನ್ನೆರಡು ಗಾಡಿ ನಿಂತಿದ್ದವು. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. "ಬಂದ್ರಾ ಅಕ್ಕಾರೆ", "ಆರಾಮಾ ಅಕ್ಕ" ಅಂದರು. ಒಬ್ಬರೂ ಮುಖ ನೋಡಿ ಮಾತಾಡಲಿಲ್ಲ. ಮೈದುನ ಗಾಡಿ ನಿಲ್ಲಿಸಲು ಒದ್ದಾಡುವುದನ್ನು ಕಂಡು ಅವರಿಗೆ ಮಾತಿಗೆ ದಾರಿ ಸಿಕ್ಕಿತು.

"ಏನ್ರೀ, ನೀವು ಗಾಡಿ ಹೊಡ್ಕಂಡ್ ಬಂದ್ರೋ, ಗಾಡಿನೇ ನಿಮ್ನ ಹೊಡ್ಕಂಡ್ ಬಂತೋ?"

"ಎಮ್ಮಿ ಕೇಳ್ರಿ, ಅದು ಹೇಳ್ತತಿ" ಎಂದ ಮೈದುನ.

ನಕ್ಕರು. ಸೊರಬದವರು ಮಾತ್ರ ದೂರದಲ್ಲಿ ತಮ್ಮ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಏನೋ ಬಿಗಿ ಮಾಡುತ್ತಿದ್ದರು. ನಾನು ಹತ್ತಿರ ಹೋದಾಗ ಎದ್ದು ಕೈ ಒರೆಸಿಕೊಂಡರು. ಬಹಳ ಇಳಿದುಹೋಗಿದ್ದರು. ಮೈಗೆ ಹುಷಾರಿಲ್ಲ ಅಂದದ್ದು ಸುಳ್ಳಲ್ಲವೇನೋ ಅನ್ನಿಸಿತು.

"ನೀವು ಬರ್ಬಾರ್ದಿತ್ತು ಅಕ್ಕಾರೆ" ಅಂದರು, ಮೆಲ್ಲಗೆ.

ಸಂಜೆಯ ಹೊತ್ತಿಗೆ ಕುಪ್ಪಗಡ್ಡೆ ತಲುಪಿದೆವು. ಗದ್ದೆಯಲ್ಲಿ ಭತ್ತದ ಕೂಳೆ ಚುಚ್ಚದಂತೆ ಒಣಹುಲ್ಲು ಹರಡಿ, ಅದರ ಮೇಲೆ ಟೆಂಟು ಹೂಡಿದರು. ಗಾಡಿಗಳನ್ನು ಊರ ದಾರಿಯ ಕಡೆಗೆ ಸಾಲಾಗಿ ನಿಲ್ಲಿಸಿದರು. ನಮ್ಮದು ಎಲ್ಲಕ್ಕಿಂತ ಮುಂದೆ. ನನಗೆ ಒಂದು ಟೆಂಟನ್ನು ಬೇರೆಯಾಗಿ ಹಾಕಿಕೊಟ್ಟರು. ನಾನು ಮಾವಿನ ಮರ ಹುಡುಕಿದೆ. ಅದು ಎದುರು ತುದಿಯ ಬದುವಿನ ಮೇಲಿತ್ತು. ಗಾಡಿಗಳಿಂದ ಅಲ್ಲಿಗೆ ಹೋಗಬೇಕೆಂದರೆ ಇಡೀ ಗದ್ದೆ ದಾಟಿ, ಕಾಲುವೆಯನ್ನು ಹಾರಬೇಕು. ಚಹಾ ಕೊಡುವ ಜಾಗ ಗಾಡಿಗಳ ಹತ್ತಿರವೇ. ಬೆಳಗಿನ ಚಳಿಯಲ್ಲಿ, ಇಬ್ಬನಿ ಬಿದ್ದ ಗದ್ದೆಯಲ್ಲಿ, ಚಹಾ ಕುಡಿದ ಮನುಷ್ಯ ಗೆಳೆಯರನ್ನೆಲ್ಲ ಬಿಟ್ಟು ಅಷ್ಟು ದೂರ ಹೋಗಿ ಒಬ್ಬನೇ ಕೂರುತ್ತಾನೆಯೇ? ಅದೂ ನಮ್ಮನೆಯವರು? ಅವರು ಕಿರಾಣಿ ಅಂಗಡಿಯವರು. ಎದುರಿಗೆ ಮಾತಾಡಲು ಒಬ್ಬರಾದರೂ ಇಲ್ಲದೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಫೋಟೋ ಇಟ್ಟು ಹಾರ ಹಾಕಿದರು. ಹಿರಿಯರು ನಾಲ್ಕು ಮಾತಾಡಿದರು. ಎಷ್ಟು ದೂರದಿಂದ ಕರೆದರೂ ಪ್ಲಗ್ಗು, ಸ್ಪ್ಯಾನರು ಹಿಡಿದು ಬರುತ್ತಿದ್ದರು ಎಂದರು. ಅದು ನಿಜ. ಕೊನೆಗೆ "ಶಿವ ಅವರನ್ನು ಹೂವು ಎತ್ತಿದ ಹಾಗೆ ಎತ್ತಿಕೊಂಡ" ಎಂದರು. ಎಲ್ಲರೂ ತಲೆ ತಗ್ಗಿಸಿದರು. ನಾನು ಒಬ್ಬೊಬ್ಬರ ಮುಖ ನೋಡುತ್ತ ನಿಂತಿದ್ದೆ.

ಊಟಕ್ಕೆ ಕೂತಾಗ ಸೊರಬದವರು ನನ್ನ ತಟ್ಟೆಗೆ ರೊಟ್ಟಿ ಹಾಕಲು ಬಂದರು.

"ಆ ಮರದ ತನಕ ಅವರು ನಡ್ಕಂತ ಹೋದ್ರಾ?" ಎಂದು ಕೇಳಿದೆ.

ಅವರ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ಪಲ್ಯ ತಣ್ಣಗಾಗ್ತದೆ ಅಕ್ಕಾರೆ, ಊಟ ಮಾಡ್ರಿ" ಎಂದು ಮುಂದಿನವರ ಕಡೆ ಹೋದರು.

ಬೆಳಿಗ್ಗೆ ಎದ್ದಾಗ ಗದ್ದೆಯ ಮೇಲೆ ದಟ್ಟ ಮಂಜು. ಟೆಂಟಿನ ಬಟ್ಟೆ ನೆನೆದು ಜೋತುಬಿದ್ದಿತ್ತು. ಚಹಾ ಆದ ಮೇಲೆ ಒಂದೊಂದೇ ಗಾಡಿಯನ್ನು ಸ್ಟಾರ್ಟ್ ಮಾಡತೊಡಗಿದರು. ಇಬ್ಬನಿಗೆ ನೆನೆದ ಹಳೇ ಎಂಜಿನುಗಳು ಕೆಮ್ಮುತ್ತಿದ್ದವು, ಹೊಗೆ ಬಿಡುತ್ತಿದ್ದವು. ನಮ್ಮ ಗಾಡಿಗೆ ಇನ್ನೂ ಯಾರೂ ಕೈ ಹಚ್ಚಿರಲಿಲ್ಲ. ರಾಣೆಬೆನ್ನೂರಿನವರೊಬ್ಬರ ಗಾಡಿ ಮಾತ್ರ ಎಷ್ಟು ಒದ್ದರೂ ಏಳಲಿಲ್ಲ. ಅವರು ಒದೆಯುತ್ತಿದ್ದರು, ನಿಲ್ಲಿಸಿ ಉಸಿರು ಬಿಡುತ್ತಿದ್ದರು, ಮತ್ತೆ ಒದೆಯುತ್ತಿದ್ದರು.

ಆಗ ಹಾನಗಲ್ ಕಡೆಯ ಒಬ್ಬರು ಟೆಂಟಿನಿಂದ ಓಡಿ ಬಂದರು. ಅವರು ಹೋದ ವರ್ಷ ಕಾಲು ಮುರಿದುಕೊಂಡು ಮನೆಯಲ್ಲಿದ್ದರಂತೆ, ಇಲ್ಲಿಗೆ ಬಂದಿರಲಿಲ್ಲ. ಕೈಯಲ್ಲಿ ಕೊಬ್ಬರಿ ಬಟ್ಟಲುಗಳನ್ನು ಪೋಣಿಸಿದ ಸರ. ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಬೆದರಿಸುವ ಹಬ್ಬದಲ್ಲಿ ಹೋರಿಗಳ ಕೊರಳಿಗೆ ಕಟ್ಟುತ್ತಾರಲ್ಲ, ಅಂಥದ್ದು. ಅದನ್ನು ರಾಣೆಬೆನ್ನೂರಿನವರ ಗಾಡಿಯ ಹ್ಯಾಂಡಲಿಗೆ ಸುತ್ತಿ, ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿದರು.

"ಹೋರಿ ಕಟ್ಟೇನ್ರಪೋ! ಬರ್ರಿ, ಸಾಲಾಗಿ ನಿಂದ್ರರಿ! ಹೊಡಿ! ಹೊಡಿ!"

ಯಾರೂ ಕದಲಲಿಲ್ಲ. ಚಾಲೂ ಇದ್ದ ಎಂಜಿನುಗಳನ್ನು ಒಬ್ಬೊಬ್ಬರಾಗಿ ಬಂದ್ ಮಾಡಿದರು. ಆ ಮನುಷ್ಯ ಸುತ್ತ ನೋಡಿದರು.

"ಯಾಕ್ರಲೇ, ಎಲ್ಲಾರೂ ಸತ್ತೋರ ಮನ್ಯಾಗ ನಿಂತಂಗ ನಿಂತೀರಿ?"

ಅಷ್ಟು ಅಂದಮೇಲೆ ಅವರಿಗೆ ನಾನು ಕಂಡೆ. ಎತ್ತಿದ್ದ ಕೈ ಇಳಿಸಿದರು. ಸೊರಬದವರು ಓಡಿ ಬಂದು ಹ್ಯಾಂಡಲಿನಿಂದ ಆ ಸರವನ್ನು ಕಿತ್ತರು. ದಾರ ಹರಿದು ಕೊಬ್ಬರಿ ಹುಲ್ಲಿನ ಮೇಲೆ ಚೆಲ್ಲಿತು. ನನಗೆ ನಮ್ಮನೆಯವರ ಜೇಬಿನ ಚೂರುಗಳು ನೆನಪಾದವು. ಆಟದಾಗ ಸಿಕ್ತು.

ನಾನು ಸೊರಬದವರ ಎದುರು ಹೋಗಿ ನಿಂತೆ. "ಇದೇನು ಆಟ? ಹೇಳ್ರಿ."

ಅವರು ಹಿರಿಯರ ಕಡೆ ನೋಡಿದರು. ಹಿರಿಯರು ಬೇಡವೆಂದು ತಲೆ ಆಡಿಸಿದ್ದು ನನಗೂ ಕಂಡಿತು. ಸೊರಬದವರು ಕುಕ್ಕರಗಾಲಲ್ಲಿ ಕೂತುಬಿಟ್ಟರು. ನಾನೂ ಅವರ ಎದುರು ಹುಲ್ಲಿನ ಮೇಲೆ ಕೂತೆ. ನನ್ನ ಹಿಂದೆ ಮೈದುನ ಬಂದು ನಿಂತದ್ದು ಗೊತ್ತಾಯಿತು.

"ಯಾರ ಗಾಡಿ ಏಳಲ್ವೋ ಅದೇ ಹೋರಿ ಅಕ್ಕಾರೆ" ಅಂದರು. "ಕೊಬ್ರಿ ಕಟ್ಟದು. ಹೋರಿ ಹಬ್ಬದಲ್ಲಿ ನಿಂತಂಗೆ ಎರಡೂ ಕಡೆ ನಿಂತು ಕೂಗದು. ಗಾಡಿ ಎದ್ದು ಹೊರಟ ಕೂಡ್ಲೆ ಎಲ್ಲಾ ಬಿದ್ದು ಕೊಬ್ರಿ ಹರ್ಕಳದು. ಅಲ್ಲಿ ತನಕ ಬೇರೆ ಯಾರೂ ಕಿಕ್ ಹೊಡಿಯಂಗಿಲ್ಲ. ಗಾಡಿಯವ್ನೇ ಎಬ್ಬಿಸ್ಬೇಕು. ಬಿಟ್ಟು ಹೋಗಂಗೂ ಇಲ್ಲ."

"ಹೋದ ವರ್ಷ ಯಾರ ಗಾಡಿ?"

"ನಿಮ್ದು."

ಯಾರೋ ಕೆಮ್ಮಿದರು. ಊರ ಕಡೆಯಿಂದ ಒಂದು ಕೋಳಿ ಕೂಗುತ್ತಿತ್ತು.

"ಅಣ್ಣನ ಗಾಡಿ ಒಂದ್ಸಲನೂ ಹೋರಿ ಆಗಿರ್ಲಿಲ್ಲ ಅಕ್ಕಾರೆ. ಎಷ್ಟು ವರ್ಷದಿಂದ ನಾವು ಕಾಯ್ತಿದ್ವಿ. ಬೇರೆಯವ್ರ ಕೊಬ್ರಿನೆಲ್ಲ ಇವ್ರೇ ಹರ್ಕಂತಿದ್ರು. ಅವತ್ತು ಏಳ್ಲಿಲ್ಲ. ನಾನೇ ಓಡಿ ಹೋಗಿ ಕಟ್ಟಿದೆ. ಊರೇ ಎದ್ದು ಬರಂಗೆ ಕೂಗಿದ್ವಿ."

"ಅವರು?"

"ಮೊದ್ಲು ನಗ್ತಿದ್ರು. 'ಇವತ್ತು ಸಿಕ್ಕಿಬಿದ್ನಲ್ರಪ್ಪ' ಅಂತ ಅಂದ್ರು. ನಿಧಾನಕ್ಕೇ ಹೊಡೀತಿದ್ರು, ಅವ್ರ ಪದ್ಧತಿ ಗೊತ್ತಲ್ಲ ನಿಮ್ಗೆ. ನಾವು ಬಿಡ್ಲಿಲ್ಲ. ಮುಳ್ಳು ನೋಡಂಗಿಲ್ಲ, ಹೊಡಿ ಹೊಡಿ ಅಂತ ಕೂಗಿದ್ವಿ. ಆಮೇಲೆ ಒಂದೇ ಸಮ ಹೊಡ್ಯಕ್ಕೆ ಶುರು ಮಾಡಿದ್ರು. ಕಿಕ್ಕರ್ ವಾಪಸ್ ಬಡೀತು. ಮತ್ತೆ ಹೊಡೆದ್ರು, ಮತ್ತೆ ಬಡೀತು."

ನನ್ನ ಕೈ ನನಗೆ ಗೊತ್ತಿಲ್ಲದಂತೆ ನನ್ನದೇ ಕಾಲಿನ ಮೂಳೆಯನ್ನು ಹಿಡಿದುಕೊಂಡಿತ್ತು.

"ಬೆವೆತು ಹೋಗಿದ್ರು. ಅಂಥ ಚಳಿಯಲ್ಲಿ. ನಾವು ಅದ್ಕೂ ನಕ್ವಿ. ಹೋರಿ ನೀರಾಯ್ತು ಅಂತ ನಕ್ವಿ. ಎದೆ ಹಿಡ್ಕಂಡು ನಿಂತ್ಕಂಡ್ರು. 'ಸಾಕ್ರಪ್ಪ, ಸಾಕು' ಅಂದ್ರು." ಸೊರಬದವರು ನೆಲ ನೋಡುತ್ತಲೇ ಇದ್ದರು. "ಹೋರಿಗೆ ಬಾಯಿ ಇಲ್ಲ, ಸಾಕು ಅನ್ನಂಗಿಲ್ಲ, ಹೊಡಿ ಅಂದೆ. ನಾನೇ ಅಂದಿದ್ದು ಅಕ್ಕಾರೆ. ಬೇರೆ ಯಾರೂ ಅಲ್ಲ. ಅದ್ಕೆ ಎಲ್ರೂ ಚಪ್ಪಾಳೆ ಹೊಡೆದ್ರು. ಅವ್ರು ನನ್ನ ಮುಖ ನೋಡಿ ಮತ್ತೆ ಕಾಲು ಎತ್ತಿದ್ರು. ಹಂಗೇ ಕುಸಿದ್ರು. ಕುಸಿದ ಮೇಲೂ ಸಿಳ್ಳೆ ಹೊಡೀತಿದ್ವಿ. ನಾಟಕ ಮಾಡ್ತಾರೆ ಅಂದ್ಕಂಡ್ವಿ."

"ಮರ?"

"ಮರದ ಹತ್ರ ಹೋಗೇ ಇಲ್ಲ."

ನನ್ನ ಹಿಂದಿನಿಂದ ಮೈದುನನ ಉಸಿರು ಕೇಳುತ್ತಿತ್ತು. ಅವನು ಏನಾದರೂ ಮಾಡಿಯಾನು ಎಂದು ನಾನು ತಿರುಗದೆಯೇ ಅವನ ಪ್ಯಾಂಟಿನ ಅಂಚು ಹಿಡಿದುಕೊಂಡೆ.

ಹಿರಿಯರು ಹತ್ತಿರ ಬಂದರು. "ಹೇಳ್ಬಾರ್ದು ಅಂತ ನಾನೇ ಅಂದಿದ್ದು ತಂಗಿ. ಹೋದ ಜೀವ ಬರಲ್ಲ. ನಿಮ್ಗೆ ನೋವಾಗ್ಬಾರ್ದು ಅಂತ."

"ನನಗೆ ಆಗ್ಬಾರ್ದು ಅಂತನೋ, ನಿಮಗೆ ಆಗ್ಬಾರ್ದು ಅಂತನೋ?"

ವಯಸ್ಸಾದವರು, ಕಣ್ಣಲ್ಲಿ ನೀರಿತ್ತು. ಇನ್ನೂ ಏನಾದರೂ ಅನ್ನಬಹುದಿತ್ತು. ಅದರಿಂದ ನನಗೆ ಸಿಗುವಂಥದ್ದು ಏನೂ ಇರಲಿಲ್ಲ.

ಸೊರಬದವರು ಕೈ ಮುಗಿದರು. "ಬೈರಿ ಅಕ್ಕಾರೆ. ಒಂದು ಮಾತಾದ್ರೂ ಬೈರಿ. ವರ್ಷ ಆಯ್ತು, ನಿದ್ದೆ ಬರಲ್ಲ. ಹೆಂಡ್ತಿ ಹತ್ರನೂ ಹೇಳಿಲ್ಲ."

ಬೈಯಬೇಕು ಅನ್ನಿಸಲಿಲ್ಲ. ಬೈದರೆ ಅವರಿಗೆ ಹಗುರಾಗುತ್ತದೆ ಅನ್ನಿಸಿತು. ಸಮಾಧಾನ ಹೇಳಬೇಕು ಎಂದೂ ಅನ್ನಿಸಲಿಲ್ಲ. ಒಂದು ವರ್ಷ ನಾನು ಹೆದರಿದ್ದು ಬೇರೆಯೇ. ನಮ್ಮನೆಯವರು ಒಬ್ಬರೇ ಇದ್ದರೇನೋ, ನೀರು ಬೇಕೆಂದು ಕರೆದರೇನೋ, ಯಾರೂ ಹತ್ತಿರ ಇರಲಿಲ್ಲವೇನೋ. ಹಾಗೆ ಆಗಿರದಿದ್ದರೆ ಸಾಕು ಎಂದು ಬೇಡಿಕೊಂಡಿದ್ದೆ. ಹಾಗೆ ಆಗಿರಲಿಲ್ಲ. ಅವರ ಸುತ್ತ ಇಪ್ಪತ್ತು ಜನ ಇದ್ದರು. ಎಲ್ಲರೂ ಅವರನ್ನು ಅಣ್ಣ ಅನ್ನುವವರು, ಅವರಿಗೆ ಜೀವ ಕೊಡುವಂಥವರು. ಒಬ್ಬರೇ ಇದ್ದಿದ್ದರೆ ಅವರು ಕೂತುಕೊಳ್ಳುತ್ತಿದ್ದರು. ಎದೆ ನೋಯುವ ಮನುಷ್ಯ ಕೂರುತ್ತಾನೆ. ನೋಡುವವರಿದ್ದರು ಎಂದೇ ಕಾಲು ಎತ್ತಿದರು.

ಮತ್ತೊಂದು ಮಾತು ನನ್ನನ್ನು ಹಿಡಿದುಕೊಂಡಿತು. ಅವರು ಸಾಕು ಅಂದದ್ದು. ಊಟಕ್ಕೆ ಬಿಟ್ಟರೆ ಇನ್ನಾವುದಕ್ಕೂ ಆ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ. ಹೆರ್ನಿಯಾ ಆಪರೇಷನ್ ಆದ ವಾರಕ್ಕೆ ಅಕ್ಕಿ ಚೀಲ ಹೊತ್ತವರು. ಕೊನೆಗೊಮ್ಮೆ ಸಾಕು ಅಂದಿದ್ದಾರೆ. ಎರಡು ಸಲ ಅಂದಿದ್ದಾರೆ. ಕೇಳಿಸಿಕೊಂಡವರಿಗೆ ಅದು ಆಟದ ಮಾತಾಗಿತ್ತು.

"ನಡೀರಿ ಅತ್ತಿಗೆ, ಇಲ್ಲಿ ನೀರೂ ಕುಡಿಯೋದು ಬ್ಯಾಡ" ಎಂದ ಮೈದುನ. ಅವನ ದನಿ ಒಡೆದಿತ್ತು.

ಟೆಂಟಿನೊಳಗಿನ ನನ್ನ ಚೀಲ ತಂದೆ. ಅವನು ಆಗಲೇ ಬುಲೆಟ್ಟಿನ ಹತ್ತಿರ ಹೋಗಿದ್ದ. ಫೋಟೋದ ಹಾರ ತೆಗೆದು ಕುರ್ಚಿಯ ಮೇಲೆ ಬಿಟ್ಟು, ಫೋಟೋವನ್ನು ನನ್ನ ಕೈಗೆ ಕೊಟ್ಟ. ಕಿಕ್ಕರ್ ಹೊರಗೆ ಎಳೆದು ಒದ್ದ. ಗಾಡಿ ಏಳಲಿಲ್ಲ. ಇಡೀ ಇರುಳು ಇಬ್ಬನಿಯಲ್ಲಿ ನಿಂತಿತ್ತು. ಮತ್ತೆ ಒದ್ದ. ಮುಳ್ಳು ನೋಡಲಿಲ್ಲ, ಲಿವರ್ ಹಿಡಿಯಲಿಲ್ಲ. ಸಿಟ್ಟಿನಲ್ಲಿ ಒದೆಯುತ್ತಿದ್ದ.

ಅವರೆಲ್ಲ ನಿಂತು ನೋಡುತ್ತಿದ್ದರು. ಒಬ್ಬರಾದರೂ ಮುಂದೆ ಬರಲಿಲ್ಲ. ನಾಚಿಕೆಗೋ, ಏಳದ ಗಾಡಿಗೆ ಬೇರೆಯವರು ಕಿಕ್ ಹೊಡೆಯಬಾರದೆಂಬ ಆ ಆಟದ ರೂಢಿಗೋ. ಯಾರೂ ಕೂಗುತ್ತಿರಲಿಲ್ಲ, ಸಿಳ್ಳೆ ಇರಲಿಲ್ಲ. ಆದರೂ ಅವರು ನಿಂತದ್ದು ಎರಡು ಸಾಲಾಗಿಯೇ ಇತ್ತು. ಮಧ್ಯದಲ್ಲಿ ನನ್ನ ಮೈದುನ ಒದೆಯುತ್ತಿದ್ದ. ಅವನ ಕುತ್ತಿಗೆ ಕೆಂಪಾಗಿತ್ತು. ಅಂಗಿಯ ಬೆನ್ನು ಒದ್ದೆಯಾಗುತ್ತ ಬಂತು.

"ಸಾಕು ಇಳಿ" ಅಂದೆ.

"ಇನ್ನೊಂದ್ಸಲ ಅತ್ತಿಗೆ."

"ಇಳಿ ಅಂದೆ."

"ಎದ್ದೇಳ್ತತಿ, ತಡೀರಿ. ಇವ್ರ ಮುಂದ ಬಿಟ್ಟು ಹೋಗಲ್ಲ ನಾನು."

ಅವನು ಮತ್ತೆ ಕಾಲು ಎತ್ತಿದ. ನಾನು ಫೋಟೋವನ್ನು ಹುಲ್ಲಿನ ಮೇಲೆ ಇಟ್ಟು, ಹೋಗಿ ಗಾಡಿಯ ಬೀಗದ ಕೈಯನ್ನು ಎಳೆದುಕೊಂಡೆ. ಅವನು ನನ್ನ ಮುಖ ನೋಡಿದ. ಮೈದುನನ ತೋಳನ್ನು ನಾನು ಅದುವರೆಗೆ ಮುಟ್ಟಿದವಳಲ್ಲ. ಅವತ್ತು ತೋಳು ಹಿಡಿದು ಇಳಿಸಿದೆ. ಎಲ್ಲರೂ ನೋಡುತ್ತಿದ್ದಂತೆಯೇ ಅವನನ್ನು ನೆಲಕ್ಕೆ ಕೂರಿಸಿದೆ. ಹಾನಗಲ್ ಕಡೆಯವರು ನೀರಿನ ಬಾಟಲಿ ಹಿಡಿದು ಬಂದರು. ಅವನು ಬೇಡ ಅಂದ. ನಾನೇ ಇಸಿದುಕೊಂಡು ಕುಡಿಸಿದೆ.

ಸೊರಬದವರು ಎರಡು ಹೆಜ್ಜೆ ಮುಂದೆ ಬಂದು, "ನಾನು ಎಬ್ಬಿಸಿ ಕೊಡ್ತೀನಿ ಅಕ್ಕಾರೆ" ಅಂದರು.

"ಬ್ಯಾಡ್ರಿ. ಇಲ್ಲೇ ಇರ್ಲಿ."

"ಗಾಡಿ ಏನು ಮಾಡ್ಲಿ?"

"ನನಗೆ ಗೊತ್ತಿಲ್ಲ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಆ ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಕೇಳಿದ ಕೂಡಲೇ ಒಲೆ ಹಚ್ಚಿದವಳು ನಾನು. ಅದನ್ನು ಮನೆಗೆ ಒಯ್ಯಬೇಕೆಂಬ ಆಸೆ ಆ ಗದ್ದೆಯಲ್ಲಿ ಸ್ವಲ್ಪವೂ ಉಳಿದಿರಲಿಲ್ಲ. ಅದರ ಮೇಲೆ ಸಿಟ್ಟೂ ಇರಲಿಲ್ಲ. ಕಬ್ಬಿಣಕ್ಕೆ ಏನು ಗೊತ್ತು.

ಫೋಟೋ ಎತ್ತಿಕೊಂಡು ಗದ್ದೆಯಿಂದ ರಸ್ತೆಗೆ ನಡೆದು ಬಂದೆವು. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಸೊರಬದ ಕಡೆಯ ಬಸ್ಸು ಬರುವವರೆಗೆ ಕುಪ್ಪಗಡ್ಡೆಯ ಸ್ಟಾಪಿನಲ್ಲಿ ಹಾಲಿನ ಕ್ಯಾನುಗಳ ಪಕ್ಕ ನಿಂತೆವು. ನಮ್ಮ ಹಿಂದೆ ಗದ್ದೆಯ ಕಡೆಯಿಂದ ಒಂದು ಎಂಜಿನಿನ ಸದ್ದೂ ಬರಲಿಲ್ಲ.

ಮಗಳಿಗೆ ಫೋನ್ ಮಾಡಬೇಕಿತ್ತು. ಅವಳಿಗೆ ಸುಳ್ಳೇ ಇರಲಿ ಎಂದು ಸ್ವಲ್ಪ ಹೊತ್ತು ಅಂದುಕೊಂಡೆ. ಆದರೆ ನನಗೆ ಒಂದು ವರ್ಷ ಆದದ್ದು ಅವಳಿಗೂ ಆಗುವುದು ಬೇಡ ಅನ್ನಿಸಿತು. ನಿಂತಲ್ಲೇ ಹೇಳಿದೆ, ಏನೂ ಬಿಡದೆ ಹೇಳಿದೆ. ಎಲ್ಲ ಮುಗಿದ ಮೇಲೆ ಅವಳು, "ಅಪ್ಪ ಸಾಕು ಅಂದ್ರಾ?" ಎಂದು ಕೇಳಿದಳು.

"ಹೂಂ."

ಫೋನ್ ಇಟ್ಟಳು. ತಿರುಗಿ ನಾನೂ ಮಾಡಲಿಲ್ಲ.

ಬಸ್ಸಿನಲ್ಲಿ ಜನ ತುಂಬಿದ್ದರು. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಸರಿದು ನಮ್ಮಿಬ್ಬರಿಗೆ ಒಂದೇ ಸೀಟಿನಲ್ಲಿ ಜಾಗ ಮಾಡಿಕೊಟ್ಟರು. ಮೈದುನ ಕಿಟಕಿಯ ಕಡೆ ಮುಖ ಮಾಡಿ ಕೂತ. ಅವನ ಉಸಿರು ಇನ್ನೂ ಜೋರಾಗಿತ್ತು. ಸೊರಬದಲ್ಲಿ ಡಾಕ್ಟರಿಗೆ ತೋರಿಸೋಣ ಅಂದೆ. "ಎದಕ್ಕ? ನನಗೇನಾಗೈತಿ? ಆರಾಮ ಇದ್ದೀನಿ" ಅಂದ.

"ತೋರ್ಸಿ ಹೋಗಾಣ" ಅಂದೆ.

ಅವನು ಬೇಡ ಎಂದು ಇನ್ನೊಮ್ಮೆ ಹೇಳಿದ. ನಾನು ಸೊರಬ ಬರುವವರೆಗೂ ಅವನ ಉಸಿರನ್ನೇ ಕೇಳುತ್ತ ಕೂತಿದ್ದೆ.